ಗಿಲ್ಬರ್ಟ್ ಜಾನ್ ಫೌಲರ್

ಗಿಲ್ಬರ್ಟ್ ಜಾನ್ ಫೌಲರ್ (1868–1953) ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞರು ಹಾಗೂ ಜೀವರಸಾಯನಶಾಸ್ತ್ರಜ್ಞರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾಗಿದ್ದರು. ಸೂಕ್ಷ್ಮಜೀವಿಗಳನ್ನೂ ಅವು ಉತ್ಪಾದಿಸುವ ಕಿಣ್ವಗಳನ್ನೂ ಕೈಗಾರಿಕೆಯಲ್ಲಿ ಬಳಸುವ ವಿಧಾನಗಳನ್ನು ವ್ಯವಸ್ಥಿತವಾಗಿ ಅಭ್ಯಸಿಸಿದ ಮೊದಲ ತಲೆಮಾರಿನ ವಿಜ್ಞಾನಿಗಳಲ್ಲಿ ಇವರು ಒಬ್ಬರು. ಕೊಳಚೆ ನೀರನ್ನು ಶುದ್ಧೀಕರಿಸುವ ಸಕ್ರಿಯ ಕೆಸರಿನ ವಿಧಾನಕ್ಕೆ ಇವರ ಮಾರ್ಗದರ್ಶನ ಕಾರಣವಾಯಿತು. ಭಾರತಕ್ಕೆ ಬಂದ ಮೇಲೆ ಇಲ್ಲಿನ ಧಾನ್ಯಗಳಿಂದ ಅಸಿಟೋನ್, ಹಿಪ್ಪೆ ಹೂವಿನಿಂದ ಮದ್ಯಸಾರ ಮತ್ತು ಊರಿನ ಕಸ-ಕೊಳಚೆಗಳಿಂದ ಗೊಬ್ಬರ ಪಡೆಯುವ ವಿಷಯಗಳಲ್ಲಿ ಸಂಶೋಧನೆ ನಡೆಸಿದರು.

## ಆರಂಭಿಕ ಜೀವನ

ಫೌಲರ್ ಅವರು 1868ರಲ್ಲಿ ಪ್ಯಾರಿಸ್ ನಗರದಲ್ಲಿ ಜನಿಸಿದರು. ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದರು. ಈ ಕಾಲೇಜು ಮುಂದೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಭಾಗವಾಯಿತು. ಇವರ ಆರಂಭದ ಸಂಶೋಧನೆಗಳು ಶುದ್ಧ ರಸಾಯನಶಾಸ್ತ್ರಕ್ಕೆ ಸೇರಿದವು. ಕಬ್ಬಿಣ ಮತ್ತು ಸಾರಜನಕ ಕೂಡಿ ಆಗುವ ಕಬ್ಬಿಣದ ನೈಟ್ರೈಡ್ ಎಂಬ ಸಂಯುಕ್ತವನ್ನು ಕುರಿತ ಇವರ ಪ್ರಬಂಧ 1901ರಲ್ಲಿ ಪ್ರಕಟವಾಯಿತು. ಕಬ್ಬಿಣ ಮತ್ತು ಸಾರಜನಕಗಳು ಮುಂದೆ ಇವರ ಜೀವರಾಸಾಯನಿಕ ಸಂಶೋಧನೆಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಂಡವು.

## ಮ್ಯಾಂಚೆಸ್ಟರಿನ ಕೊಳಚೆ ನೀರಿನ ಸಮಸ್ಯೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮ್ಯಾಂಚೆಸ್ಟರ್ ಜಗತ್ತಿನ ಪ್ರಮುಖ ಹತ್ತಿ ಗಿರಣಿಗಳ ನಗರವಾಗಿತ್ತು. ಗಿರಣಿಗಳ ಬಣ್ಣದ ನೀರು ಮತ್ತು ಮನೆಗಳ ಕೊಳಚೆ ನದಿಗಳಿಗೆ ಸೇರಿ ಅವು ಕಪ್ಪು ಚರಂಡಿಗಳಂತಾಗಿದ್ದವು. 1894ರಲ್ಲಿ ಮ್ಯಾಂಚೆಸ್ಟರ್ ಹಡಗು ಕಾಲುವೆ ಸಂಚಾರಕ್ಕೆ ತೆರೆಯಿತು. ಅದೇ ವರ್ಷ ನಗರಸಭೆಯು ಡೇವಿಹ್ಯೂಮ್ ಎಂಬಲ್ಲಿ ದೊಡ್ಡ ಕೊಳಚೆ ಶುದ್ಧೀಕರಣ ಕೇಂದ್ರವನ್ನು ಆರಂಭಿಸಿತು. ಫೌಲರ್ ನಗರಸಭೆಯ ಈ ಕೆಲಸದಲ್ಲಿ ರಸಾಯನಶಾಸ್ತ್ರಜ್ಞರಾಗಿ ತೊಡಗಿಕೊಂಡರು. ವಿಶ್ವವಿದ್ಯಾಲಯದಲ್ಲಿ ಬ್ಯಾಕ್ಟೀರಿಯಗಳ ರಸಾಯನಶಾಸ್ತ್ರವನ್ನೂ ಬೋಧಿಸುತ್ತಿದ್ದರು.

ಆಗಿನ ಪದ್ಧತಿಯಲ್ಲಿ ಕೊಳಚೆಯನ್ನು ಭೂಮಿಗೆ ಹರಿಸಲಾಗುತ್ತಿತ್ತು, ಸುಣ್ಣ ಮೊದಲಾದ ರಾಸಾಯನಿಕಗಳಿಂದ ತಳಕ್ಕೆ ಇಳಿಸಲಾಗುತ್ತಿತ್ತು ಅಥವಾ ಜಲ್ಲಿಯ ಹಾಸಿನ ಮೇಲೆ ಸೋಸಲಾಗುತ್ತಿತ್ತು. ಜಲ್ಲಿಯ ಹಾಸಿನಲ್ಲಿ ನೀರು ಶುದ್ಧವಾಗುವುದು ಕಲ್ಲಿನಿಂದಲ್ಲ, ಕಲ್ಲಿನ ಮೇಲೆ ಲೋಳೆಯಂತೆ ಬೆಳೆಯುವ ಜೀವಿಗಳಿಂದ ಎಂಬುದು ಅಷ್ಟರಲ್ಲಿ ತಿಳಿದುಬಂದಿತ್ತು. ಆದ್ದರಿಂದ ಆ ಜೀವಿಗಳ ರಾಸಾಯನಿಕ ಕ್ರಿಯೆಯನ್ನು ಅರಿಯುವುದು ಅಗತ್ಯವಾಯಿತು. ಫೌಲರ್ 1902ರಲ್ಲಿ ಕೊಳಚೆ ಕೇಂದ್ರಗಳಲ್ಲಿ ಬಳಸುವ ವಿಶ್ಲೇಷಣಾ ವಿಧಾನಗಳ ಕೈಪಿಡಿಯನ್ನೂ, 1911ರಲ್ಲಿ ಬ್ಯಾಕ್ಟೀರಿಯ ಮತ್ತು ಕಿಣ್ವಗಳ ರಸಾಯನಶಾಸ್ತ್ರಕ್ಕೆ ಪ್ರವೇಶಿಕೆಯನ್ನೂ ಪ್ರಕಟಿಸಿದರು. ಎರಡನೆಯ ಗ್ರಂಥವು ಕಿಣ್ವಗಳ ಕ್ರಿಯೆಯಿಂದ ಆರಂಭಿಸಿ ಹುದುಗುವಿಕೆ, ಕೊಳೆಯುವಿಕೆ ಮತ್ತು ಸಾರಜನಕದ ಪರಿವರ್ತನೆಗಳನ್ನು ಒಂದೇ ಶಾಸ್ತ್ರದ ಅಂಗಗಳಾಗಿ ಕಾಣುತ್ತದೆ.

## ಎಂ-7 ಜೀವಾಣು ಮತ್ತು ಸಕ್ರಿಯ ಕೆಸರು

1912ರಲ್ಲಿ ಫೌಲರ್ ಅಮೆರಿಕಕ್ಕೆ ಭೇಟಿಯಿತ್ತು ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪ್ರಯೋಗ ಕೇಂದ್ರವನ್ನು ನೋಡಿದರು. ಅಲ್ಲಿ ಕೊಳಚೆಗೆ ಗಾಳಿ ಊದಿ ಪ್ರಯೋಗ ನಡೆಸಲಾಗುತ್ತಿತ್ತು. ಗಾಳಿ ದೊರೆತ ಕೊಳಚೆಯಲ್ಲಿ ಜೀವಿಗಳು ಬೆಳೆದು ನೀರು ತಿಳಿಯಾಗುವುದನ್ನು ಕಂಡ ಫೌಲರ್, ಮ್ಯಾಂಚೆಸ್ಟರಿಗೆ ಮರಳಿ ಎರಡು ದಾರಿಗಳಲ್ಲಿ ಕೆಲಸವನ್ನು ಮುಂದುವರಿಸಿದರು.

ಮೊದಲನೆಯ ದಾರಿ ಒಂದೇ ಜಾತಿಯ ಜೀವಾಣುವನ್ನು ಆರಿಸಿ ದುಡಿಸಿಕೊಳ್ಳುವುದು. ಕಬ್ಬಿಣದ ಅಂಶವಿರುವ ಕಲ್ಲಿದ್ದಲು ಗಣಿಯ ನೀರಿನಲ್ಲಿ ದೊರೆತ ಒಂದು ಬ್ಯಾಕ್ಟೀರಿಯಕ್ಕೆ ಎಂ-7 ಎಂದು ಹೆಸರಿಟ್ಟು, ಮಮ್‌ಫೋರ್ಡ್ ಅವರೊಂದಿಗೆ ಅದನ್ನು ಅಭ್ಯಸಿಸಿದರು. ಈ ಬ್ಯಾಕ್ಟೀರಿಯವನ್ನೂ ಅಲ್ಪ ಪ್ರಮಾಣದ ಕಬ್ಬಿಣದ ಲವಣವನ್ನೂ ಕೊಳಚೆಗೆ ಸೇರಿಸಿ ಗಾಳಿ ಊದಿದಾಗ ತೇಲುವ ಕಲ್ಮಶ ಕೂಡಿಕೊಂಡು ತಳ ಸೇರುತ್ತಿತ್ತು. ಈ ಫಲಿತಾಂಶವನ್ನು 1913ರಲ್ಲಿ ಪ್ರಕಟಿಸಲಾಯಿತು.

ಎರಡನೆಯ ದಾರಿಯನ್ನು ಡೇವಿಹ್ಯೂಮ್ ಕೇಂದ್ರದ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅನುಸರಿಸಿದರು. ಅವರು ಬಾಟಲಿಗಳಲ್ಲಿ ಕೊಳಚೆ ತುಂಬಿ, ಪಾಚಿ ಬೆಳೆಯದಂತೆ ಬೆಳಕನ್ನು ತಡೆದು, ಗಾಳಿ ಊದಿದರು. ಮೊದಲ ಸಲ ಅಮೋನಿಯವೆಲ್ಲ ನೈಟ್ರೇಟ್ ಆಗಲು ಸುಮಾರು ಐದು ವಾರಗಳು ಬೇಕಾದವು. ಬಳಿಕ ಮೇಲಿನ ತಿಳಿ ನೀರನ್ನು ಬಸಿದು, ತಳದ ಕೆಸರನ್ನು ಚೆಲ್ಲದೆ ಉಳಿಸಿಕೊಂಡು ಹೊಸ ಕೊಳಚೆ ತುಂಬಿದರು. ಹೀಗೆ ಮತ್ತೆ ಮತ್ತೆ ಮಾಡಿದಂತೆ ಬೇಕಾಗುವ ಕಾಲ ಕಡಿಮೆಯಾಗುತ್ತ ಬಂದು ಒಂದು ದಿನಕ್ಕೆ, ಮುಂದೆ ಕೆಲವೇ ಗಂಟೆಗಳಿಗೆ ಇಳಿಯಿತು. ಹಾಲಿಗೆ ಹಾಕುವ ಹೆಪ್ಪಿನಂತೆ ಉಳಿದ ಕೆಸರು ಕೆಲಸ ಮಾಡುತ್ತಿತ್ತು. ಅದರಲ್ಲಿ ಅಸಂಖ್ಯ ಜಾತಿಯ ಜೀವಿಗಳು ಆ ಕೊಳಚೆಗೆ ಒಗ್ಗಿಕೊಂಡು ಒಟ್ಟಾಗಿ ಬದುಕುತ್ತಿದ್ದವು. ಆರ್ಡರ್ನ್ ಮತ್ತು ಲಾಕೆಟ್ 1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನಲ್ಲಿ ತಮ್ಮ ಪ್ರಬಂಧವನ್ನು ಮಂಡಿಸಿ, ಈ ಕೆಸರನ್ನು ಸಕ್ರಿಯ ಕೆಸರು ಎಂದು ಕರೆದರು. ಪ್ರಬಂಧದ ಕರ್ತೃಗಳಲ್ಲಿ ಫೌಲರ್ ಹೆಸರಿಲ್ಲ. ಆದರೆ ಪ್ರಯೋಗಕ್ಕೆ ಪ್ರೇರಣೆ ಅವರಿಂದ ಬಂದುದನ್ನು ಕರ್ತೃಗಳು ಒಪ್ಪಿಕೊಂಡಿದ್ದಾರೆ.

ಕೊಳಚೆಯ ಕೆಲಸದಲ್ಲಿ ಒಂಟಿ ಜೀವಾಣುವಿಗಿಂತ ಮಿಶ್ರ ಸಮುದಾಯ ಹೆಚ್ಚು ಫಲಕಾರಿಯಾಯಿತು. ಕೊಳಚೆಯಲ್ಲಿ ಪ್ರತಿದಿನ ಬೇರೆ ಬೇರೆ ವಸ್ತುಗಳು ಬಂದು ಸೇರುವುದರಿಂದ ಅದನ್ನು ಒಂದೇ ಜಾತಿಯ ಜೀವಿ ಪೂರ್ತಿಯಾಗಿ ಅರಗಿಸಲಾರದು. ಇದಕ್ಕೆ ತದ್ವಿರುದ್ಧವಾದ ಸ್ಥಿತಿಯನ್ನು ಫೌಲರ್ ಬೆಂಗಳೂರಿನಲ್ಲಿ ಎದುರಿಸಬೇಕಾಯಿತು.

## ಬೆಂಗಳೂರಿಗೆ ಆಗಮನ

ಜಮ್‌ಶೇಟ್‌ಜಿ ಟಾಟಾ ಅವರ ದಾನ ಮತ್ತು ಮೈಸೂರು ಸಂಸ್ಥಾನ ನೀಡಿದ 371 ಎಕರೆ ಭೂಮಿಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಗಿ, 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳತೊಡಗಿತು. ಬೆಂಗಳೂರಿನ ಜನ ಇದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಫೌಲರ್ 1916ರಲ್ಲಿ ಈ ಸಂಸ್ಥೆಯ ಅನ್ವಯಿಕ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಅದು ಮೊದಲನೆಯ ಮಹಾಯುದ್ಧದ ಕಾಲ. ಹಡಗು ಸಂಚಾರ ಕುಂಠಿತವಾಗಿ, ಹೊರದೇಶದಿಂದ ಬರುತ್ತಿದ್ದ ರಾಸಾಯನಿಕಗಳು ದೊರೆಯುವುದು ಕಷ್ಟವಾಯಿತು. ಭಾರತದ ಕಚ್ಚಾವಸ್ತುಗಳಿಂದ ಭಾರತದಲ್ಲಿಯೇ ರಾಸಾಯನಿಕಗಳನ್ನು ತಯಾರಿಸುವ ಪ್ರಶ್ನೆ ಮುಂದೆ ಬಂದಿತು.

## ಅಸಿಟೋನ್ ತಯಾರಿಕೆ

ಯುದ್ಧಕ್ಕೆ ಬೇಕಾದ ರಾಸಾಯನಿಕಗಳಲ್ಲಿ ಅಸಿಟೋನ್ ಮುಖ್ಯವಾದುದು. ಕಾರ್ಡೈಟ್ ಎಂಬ ಹೊಗೆರಹಿತ ಮದ್ದನ್ನು ಸಿದ್ಧಗೊಳಿಸುವಾಗ ನೈಟ್ರೋಸೆಲ್ಯುಲೋಸ್ ಮತ್ತು ನೈಟ್ರೋಗ್ಲಿಸರಿನ್‌ಗಳನ್ನು ಬೆರೆಸಿ ಹದಗೊಳಿಸಲು ಇದು ಅಗತ್ಯ. ಭಾರತದಲ್ಲಿ ನೀಲಗಿರಿಯ ಅರುವಂಕಾಡು ಕಾರ್ಖಾನೆ ಕಾರ್ಡೈಟ್ ತಯಾರಿಸುತ್ತಿತ್ತು. ಆವರೆಗೆ ಅಸಿಟೋನನ್ನು ಸೌದೆಯಿಂದ ಪಡೆಯಲಾಗುತ್ತಿತ್ತು. ಸೌದೆಯನ್ನು ಗಾಳಿಯಾಡದಂತೆ ಕಾಯಿಸಿ ಬಟ್ಟಿ ಇಳಿಸಿ, ಬಂದ ಅಸಿಟಿಕ್ ಆಮ್ಲವನ್ನು ಸುಣ್ಣದೊಂದಿಗೆ ಕೂಡಿಸಿ, ಆ ಲವಣವನ್ನು ಮತ್ತೆ ಕಾಯಿಸಬೇಕಾಗಿತ್ತು. ಅಲ್ಪ ಅಸಿಟೋನಿಗೆ ಅಪಾರ ಸೌದೆ ಬೇಕಾಗುತ್ತಿತ್ತು.

ಫೌಲರ್ ಬೋಧಿಸುತ್ತಿದ್ದ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿಯೇ ರಸಾಯನಶಾಸ್ತ್ರಜ್ಞರಾಗಿದ್ದ ಚೈಮ್ ವೈಜ್‌ಮನ್ ಇದಕ್ಕೆ ಬೇರೊಂದು ಮಾರ್ಗ ಕಂಡುಹಿಡಿದಿದ್ದರು. ಮುಂದೆ ಇಸ್ರೇಲಿನ ಮೊದಲ ರಾಷ್ಟ್ರಾಧ್ಯಕ್ಷರಾದ ಇವರು ಪ್ರತ್ಯೇಕಿಸಿದ ಬ್ಯಾಕ್ಟೀರಿಯವನ್ನು ಇಂದು ಕ್ಲಾಸ್ಟ್ರಿಡಿಯಂ ಅಸಿಟೊಬ್ಯುಟೈಲಿಕಂ ಎಂದು ಕರೆಯುತ್ತಾರೆ. ಧಾನ್ಯದ ಹಿಟ್ಟನ್ನು ನೀರಿನಲ್ಲಿ ಗಂಜಿಯಂತೆ ಬೇಯಿಸಿ, ಒತ್ತಡದ ಹಬೆಯಿಂದ ಅದರಲ್ಲಿನ ಇತರ ಜೀವಿಗಳನ್ನೆಲ್ಲ ಕೊಂದು, ಸುಮಾರು 37 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಆಮ್ಲಜನಕ ಸೋಂಕದ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯವನ್ನು ಬಿಡಬೇಕು. ಅದರ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಮೊದಲು ಅಸಿಟಿಕ್ ಮತ್ತು ಬ್ಯುಟಿರಿಕ್ ಆಮ್ಲಗಳು ಉಂಟಾಗಿ, ಹುಳಿ ಹೆಚ್ಚಾದ ಮೇಲೆ ಬ್ಯಾಕ್ಟೀರಿಯ ತನ್ನ ಕ್ರಮವನ್ನು ಬದಲಿಸಿ ಅಸಿಟೋನ್ ಮತ್ತು ಬ್ಯುಟನಾಲ್‌ಗಳನ್ನು ತಯಾರಿಸುತ್ತದೆ. ಎರಡು-ಮೂರು ದಿನಗಳಲ್ಲಿ ಮುಗಿಯುವ ಈ ಕ್ರಿಯೆಯಲ್ಲಿ ಬ್ಯುಟನಾಲ್, ಅಸಿಟೋನ್ ಮತ್ತು ಎಥನಾಲ್‌ಗಳು ಸುಮಾರು 6:3:1ರ ಪ್ರಮಾಣದಲ್ಲಿ ದೊರೆಯುತ್ತವೆ.

ಈ ವಿಧಾನಕ್ಕೆ ಎರಡು ಮಿತಿಗಳಿದ್ದವು. ಬ್ಯುಟನಾಲ್ ಅದನ್ನು ತಯಾರಿಸಿದ ಬ್ಯಾಕ್ಟೀರಿಯಕ್ಕೇ ವಿಷ. ದ್ರಾವಕಗಳ ಒಟ್ಟು ಪ್ರಮಾಣ ಶೇಕಡಾ 2ರಷ್ಟಾಗುವ ಹೊತ್ತಿಗೆ ಅದರ ಕೆಲಸ ನಿಂತುಹೋಗುತ್ತದೆ. ಅಷ್ಟು ತೆಳುವಾದ ದ್ರವವನ್ನು ಬಟ್ಟಿ ಇಳಿಸಲು ಬಹಳ ಇಂಧನ ಬೇಕು. ಎರಡನೆಯದಾಗಿ, ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬೇರೆ ಬ್ಯಾಕ್ಟೀರಿಯ ತೊಟ್ಟಿಗೆ ಸೇರಿದರೆ ಇಡೀ ತೊಟ್ಟಿ ಕೆಟ್ಟುಹೋಗುತ್ತದೆ. ಆದ್ದರಿಂದ ಇಲ್ಲಿ ಮಿಶ್ರ ಸಮುದಾಯ ನಡೆಯುವುದಿಲ್ಲ. ಶುದ್ಧವಾದ ಒಂದೇ ತಳಿಯನ್ನು ಕಾಪಾಡಿಕೊಂಡು ಬರಬೇಕು.

ಬ್ರಿಟನ್ ಮತ್ತು ಉತ್ತರ ಅಮೆರಿಕಗಳಲ್ಲಿ ಈ ತಯಾರಿಕೆ ಮುಖ್ಯವಾಗಿ ಮೆಕ್ಕೆಜೋಳದಿಂದ ನಡೆಯಿತು. ಭಾರತದಲ್ಲಿ ನಾಸಿಕದಲ್ಲಿ ಅಸಿಟೋನ್ ಕಾರ್ಖಾನೆಯನ್ನು ಸ್ಥಾಪಿಸಲಾಯಿತು. ಇಲ್ಲಿನ ಧಾನ್ಯಗಳಲ್ಲಿ ಯಾವುದು ಈ ಕೆಲಸಕ್ಕೆ ಒದಗುತ್ತದೆ, ಅವುಗಳ ಪಿಷ್ಟವನ್ನು ಬ್ಯಾಕ್ಟೀರಿಯ ಹೇಗೆ ಬಳಸಿಕೊಳ್ಳುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಾಗಿತ್ತು. ಈ ವೈಜ್ಞಾನಿಕ ಸಿದ್ಧತೆಯಲ್ಲಿ ಫೌಲರ್ ಮತ್ತು ಬೆಂಗಳೂರಿನ ಅವರ ಸಹೋದ್ಯೋಗಿಗಳು ಪಾಲ್ಗೊಂಡರು. ಭಾರತದಲ್ಲಿ ಶುದ್ಧ ಬ್ಯಾಕ್ಟೀರಿಯ ತಳಿಯಿಂದ ಕೈಗಾರಿಕಾ ರಾಸಾಯನಿಕವನ್ನು ತಯಾರಿಸುವ ಆರಂಭದ ಪ್ರಯತ್ನಗಳಲ್ಲಿ ಇದು ಒಂದು.

## ಹಿಪ್ಪೆ ಹೂವಿನ ಅಧ್ಯಯನ

ಧಾನ್ಯದಿಂದ ರಾಸಾಯನಿಕ ತಯಾರಿಸುವಾಗ ಆಹಾರದ ಪ್ರಶ್ನೆ ಏಳುತ್ತದೆ. 1918ರಲ್ಲಿ ಮುಂಗಾರು ಕೈಕೊಟ್ಟು ದೇಶದ ಅನೇಕ ಭಾಗಗಳಲ್ಲಿ ಬರ ಬಿದ್ದಿತು. ಅದೇ ವರ್ಷ ಇನ್‌ಫ್ಲುಯೆಂಜ ಪಿಡುಗೂ ಹಬ್ಬಿತು. ಜೋಳ, ಸಜ್ಜೆಗಳನ್ನೇ ನಂಬಿ ಬದುಕುವ ದಖ್ಖನಿನ ಪ್ರದೇಶಗಳಲ್ಲಿ ಅದೇ ಧಾನ್ಯ ಕಾರ್ಖಾನೆಯ ಕಚ್ಚಾವಸ್ತುವೂ ಆಗುವುದು ಸುಲಭದ ಮಾತಾಗಿರಲಿಲ್ಲ.

ಕೃಷಿಭೂಮಿಯಲ್ಲಿ ಬೆಳೆಯದ ಕಚ್ಚಾವಸ್ತುಗಳಲ್ಲಿ ಹಿಪ್ಪೆ ಹೂವು ಮುಖ್ಯವಾದುದು. ಉತ್ತರ ಭಾರತದಲ್ಲಿ ಇದನ್ನು ಮಹುವಾ ಎನ್ನುತ್ತಾರೆ. ಮಧ್ಯ ಭಾರತದ ಕಾಡುಗಳಲ್ಲಿಯೂ, ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳು ಅಂದು ಸೇರಿದ್ದ ಹೈದರಾಬಾದ್ ಸಂಸ್ಥಾನದ ತೆಲಂಗಾಣ ಭಾಗದ ಕಾಡುಗಳಲ್ಲಿಯೂ ಈ ಮರ ಹೇರಳವಾಗಿದೆ. ಒಣಗಿದ ಹೂವಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುವುದರಿಂದ ಯೀಸ್ಟ್ ಅದನ್ನು ನೇರವಾಗಿ ಮದ್ಯಸಾರವಾಗಿ ಪರಿವರ್ತಿಸಬಲ್ಲುದು. ಫೌಲರ್ ಮತ್ತು ಅವರ ಸಹೋದ್ಯೋಗಿಗಳು ಹಿಪ್ಪೆ ಹೂವಿನ ಜೀವರಸಾಯನ ಮತ್ತು ರಾಸಾಯನಿಕ ತಂತ್ರವನ್ನು ಕುರಿತು ನಡೆಸಿದ ವಿಸ್ತಾರವಾದ ಅಧ್ಯಯನ 1920ರಲ್ಲಿ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಡಿನ ಜನರಿಗೆ ಈ ಹೂವೂ ಆಹಾರವೇ ಆಗಿದ್ದುದರಿಂದ ಕಚ್ಚಾವಸ್ತುವಿನ ಆಯ್ಕೆಯ ಸಮಸ್ಯೆ ಇದರಿಂದ ಪೂರ್ತಿ ಬಗೆಹರಿಯಲಿಲ್ಲ.

## ಜೀವರಸಾಯನಶಾಸ್ತ್ರ ವಿಭಾಗ

1921ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಆರಂಭವಾಗಿ ಫೌಲರ್ ಅದರ ಮುಖ್ಯಸ್ಥರಾದರು. ಇದು ದೇಶದ ಅತ್ಯಂತ ಹಳೆಯ ಜೀವರಸಾಯನಶಾಸ್ತ್ರ ವಿಭಾಗಗಳಲ್ಲಿ ಒಂದು. ಆಗ ಈ ವಿಷಯವನ್ನು ಇತರೆಡೆ ಹೆಚ್ಚಾಗಿ ವೈದ್ಯಕೀಯದ ಅಂಗವಾಗಿ ಕಲಿಸಲಾಗುತ್ತಿತ್ತು. ಬೆಂಗಳೂರಿನಲ್ಲಿ ಅದು ಕೃಷಿ, ಕೈಗಾರಿಕೆ ಮತ್ತು ನೈರ್ಮಲ್ಯಗಳಿಗೆ ಸಂಬಂಧಿಸಿದ ಶಾಸ್ತ್ರವಾಗಿ ಬೆಳೆಯಿತು. ಹುದುಗುವಿಕೆ, ಕೊಳಚೆ ಶುದ್ಧೀಕರಣ ಮತ್ತು ಮಣ್ಣಿನ ಸಾರಜನಕಗಳ ಜೊತೆಗೆ ಅರಗಿನ ಉದ್ಯಮವನ್ನು ಕುರಿತೂ ಫೌಲರ್ ಮತ್ತು ಎಂ. ಶ್ರೀನಿವಾಸಯ್ಯ ಸಂಶೋಧನೆ ನಡೆಸಿದರು. ಫೌಲರ್ 1924ರವರೆಗೆ ಈ ಹುದ್ದೆಯಲ್ಲಿದ್ದರು. ಅವರ ನಂತರ ರೋಲಂಡ್ ನಾರಿಸ್, ಮುಂದೆ ವಿ. ಸುಬ್ರಹ್ಮಣ್ಯನ್ ವಿಭಾಗವನ್ನು ಮುನ್ನಡೆಸಿದರು.

## ಸಾರಜನಕದ ಸಂರಕ್ಷಣೆ

ಫೌಲರ್ ಅವರ ಚಿಂತನೆಯ ಕೇಂದ್ರದಲ್ಲಿದ್ದ ವಿಷಯ ಸಾರಜನಕ. ಹೊಲದ ಮಣ್ಣಿನಿಂದ ಸಾರಜನಕ ಬೆಳೆಗೆ, ಬೆಳೆಯಿಂದ ಜನ-ದನಗಳಿಗೆ ಹೋಗುತ್ತದೆ. ಹಳ್ಳಿಯಲ್ಲಿ ತಿಪ್ಪೆಯ ಮೂಲಕ ಅದರ ಒಂದು ಪಾಲು ಹೊಲಕ್ಕೆ ಮರಳುತ್ತದೆ. ಆದರೆ ಧಾನ್ಯ ಪಟ್ಟಣಕ್ಕೆ ಸಾಗಿದರೆ ಅದರ ಸಾರಜನಕ ಚರಂಡಿಯ ಮೂಲಕ ನದಿ, ಸಮುದ್ರಗಳನ್ನು ಸೇರಿ ಮಣ್ಣಿಗೆ ನಷ್ಟವಾಗುತ್ತದೆ. ಕೊಳಚೆಯನ್ನು ಕೇವಲ ತೊಲಗಿಸಬೇಕಾದ ಹೊಲಸೆಂದು ಕಾಣದೆ, ಮಣ್ಣಿಗೆ ಸಲ್ಲಬೇಕಾದ ಸಂಪತ್ತೆಂದು ಕಾಣಬೇಕು ಎಂಬುದು ಫೌಲರ್ ಅವರ ನಿಲುವು. 1920ರಲ್ಲಿ ಸಕ್ರಿಯ ಕೆಸರಿನ ಮೂಲಕ ಸಾರಜನಕವನ್ನು ಉಳಿಸಿಕೊಳ್ಳುವ ಬಗ್ಗೆ ಅವರು ಪ್ರಬಂಧ ಪ್ರಕಟಿಸಿದರು. ಕೆಸರಿನಲ್ಲಿ ಬೆಳೆದ ಜೀವಿಗಳ ದೇಹದಲ್ಲಿ ಸಾರಜನಕ ಸಂಗ್ರಹವಾಗುವುದರಿಂದ ಅದು ಉತ್ತಮ ಗೊಬ್ಬರ. ಅಮೆರಿಕದ ಮಿಲ್ವಾಕಿ ನಗರವು 1926ರಿಂದ ಸಕ್ರಿಯ ಕೆಸರನ್ನು ಒಣಗಿಸಿ, ಸುಮಾರು ಶೇಕಡಾ 6 ಸಾರಜನಕವಿರುವ ಗೊಬ್ಬರವಾಗಿ ಮಾರಾಟ ಮಾಡತೊಡಗಿತು.

ಎಲ್ಲ ಊರುಗಳಿಗೂ ಗಾಳಿ ಊದುವ ಯಂತ್ರಗಳನ್ನು ಹೂಡುವ ಶಕ್ತಿಯಿಲ್ಲವಾದ್ದರಿಂದ ಕಸ ಮತ್ತು ಮಲವನ್ನು ಕಾಂಪೋಸ್ಟ್ ಮಾಡುವ ವಿಧಾನಗಳಲ್ಲಿಯೂ ಫೌಲರ್ ಆಸಕ್ತಿ ವಹಿಸಿದರು. ಹದವಾಗಿ ಕೊಳೆತ ಗೊಬ್ಬರದ ಒಂದು ಪಾಲನ್ನು ಹೊಸ ಕಸಕ್ಕೆ ಬೆರೆಸಿ ಕೊಳೆಯುವಿಕೆಯನ್ನು ಚುರುಕುಗೊಳಿಸುವುದು ಇದರ ತತ್ತ್ವ. ಡೇವಿಹ್ಯೂಮ್ ಬಾಟಲಿಗಳ ಕೆಸರಿನದೂ ಇದೇ ತತ್ತ್ವ. ಮುಂದೆ 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ಅವರು ಊರಿನ ಕಸ ಮತ್ತು ಮಲವನ್ನು ಗುಂಡಿಗಳಲ್ಲಿ ಪದರ ಪದರವಾಗಿ ಹಾಕಿ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದರು. ಅದು ಬೆಂಗಳೂರು ವಿಧಾನ ಎಂದು ಪ್ರಸಿದ್ಧವಾಯಿತು.

## ನಂತರದ ವರ್ಷಗಳು

1920ರ ದಶಕದ ಕೊನೆಯಲ್ಲಿ ಫೌಲರ್ ಕಾನ್ಪುರದ ಹಾರ್ಕೋರ್ಟ್ ಬಟ್ಲರ್ ತಾಂತ್ರಿಕ ಸಂಸ್ಥೆಯ ಪ್ರಾಂಶುಪಾಲರಾಗಿದ್ದರು. ಸಕ್ಕರೆ, ಎಣ್ಣೆ ಮತ್ತು ಚರ್ಮದ ಕೈಗಾರಿಕೆಗಳಿಗೆ ಬೇಕಾದ ತಾಂತ್ರಿಕ ಶಿಕ್ಷಣ ಈ ಸಂಸ್ಥೆಯ ಉದ್ದೇಶವಾಗಿತ್ತು. 1934ರಲ್ಲಿ ಸಾರಜನಕ ಸಂರಕ್ಷಣೆಯ ಜೀವರಸಾಯನವನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. ಮ್ಯಾಂಚೆಸ್ಟರ್ ಮತ್ತು ಭಾರತಗಳ ಅನುಭವವನ್ನು ಒಟ್ಟುಗೂಡಿಸಿದ ಈ ಕೃತಿಯಲ್ಲಿ ಕೊಳಚೆ, ಗೊಬ್ಬರ ಮತ್ತು ಮಣ್ಣು ಒಂದೇ ಚಕ್ರದ ಹಂತಗಳಾಗಿ ನಿರೂಪಿತವಾಗಿವೆ. ಫೌಲರ್ 1953ರಲ್ಲಿ ನಿಧನರಾದರು.

## ಪ್ರಭಾವ ಮತ್ತು ಮಹತ್ವ

ಸಕ್ರಿಯ ಕೆಸರಿನ ವಿಧಾನ ಇಂದು ಜಗತ್ತಿನ ನಗರಗಳಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ಕೊಳಚೆ ಶುದ್ಧೀಕರಣ ವಿಧಾನಗಳಲ್ಲಿ ಒಂದು. ಬೆಂಗಳೂರಿನಲ್ಲಿ ಆರಂಭವಾದ ಹುದುಗುವಿಕೆ ಮತ್ತು ಆಹಾರದ ಜೀವರಸಾಯನದ ಪರಂಪರೆ ಮೈಸೂರಿಗೂ ಹಬ್ಬಿತು. 1950ರಲ್ಲಿ ಅಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಗೆ ವಿ. ಸುಬ್ರಹ್ಮಣ್ಯನ್ ಅವರೇ ಮೊದಲ ನಿರ್ದೇಶಕರಾದರು.

ಅಸಿಟೋನ್ ಹುದುಗುವಿಕೆಗೆ ದೊರೆತ ಯಶಸ್ಸು ಬಹುಕಾಲ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಪೆಟ್ರೋಲಿಯಂನಿಂದ ಅಸಿಟೋನ್ ಮತ್ತು ಬ್ಯುಟನಾಲ್‌ಗಳು ಅಗ್ಗವಾಗಿ ದೊರೆಯತೊಡಗಿದವು. ಹೆಚ್ಚಿನ ದೇಶಗಳಲ್ಲಿ ಹುದುಗುವಿಕೆಯ ಕಾರ್ಖಾನೆಗಳು ಮುಚ್ಚಿದವು. ತೈಲದ ಬೆಲೆ ಏರಿದಾಗ ಮತ್ತು ಹವಾಮಾನ ಬದಲಾವಣೆಯ ಆತಂಕ ಹೆಚ್ಚಿದಾಗ ಈ ವಿಷಯ ಮರಳಿ ಮುನ್ನೆಲೆಗೆ ಬಂದಿತು. 2001ರಲ್ಲಿ ಕ್ಲಾಸ್ಟ್ರಿಡಿಯಂ ಅಸಿಟೊಬ್ಯುಟೈಲಿಕಂನ ಸಂಪೂರ್ಣ ಜೀನೋಮ್ ಪ್ರಕಟವಾಯಿತು. ಅದರ ಕಿಣ್ವಗಳ ಜೀನ್‌ಗಳನ್ನು ಇ. ಕೋಲಿ ಮೊದಲಾದ ಜೀವಿಗಳಿಗೆ ವರ್ಗಾಯಿಸಿ ಬ್ಯುಟನಾಲ್ ತಯಾರಿಸುವ ಪ್ರಯೋಗಗಳು ನಡೆದವು. ಕಿಣ್ವಗಳಲ್ಲಿ ಮಾರ್ಪಾಡುಗಳನ್ನು ಉಂಟುಮಾಡಿ ಉತ್ತಮವಾದುದನ್ನು ಆರಿಸುತ್ತ ಹೋಗುವ ವಿಧಾನಕ್ಕಾಗಿ ಫ್ರಾನ್ಸಿಸ್ ಅರ್ನಾಲ್ಡ್ ಅವರಿಗೆ 2018ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಸಂದಿತು.

ಫೌಲರ್ ಅವರ ಕಾಲದಲ್ಲಿ ಜೀನ್‌ಗಳನ್ನು ತಿದ್ದುವ ಉಪಾಯವಿರಲಿಲ್ಲ. ನಿಸರ್ಗದಲ್ಲಿರುವ ಜೀವಿಯನ್ನು ಹುಡುಕುವುದು, ಕಚ್ಚಾವಸ್ತುವಿಗೆ ಒಗ್ಗಿಸುವುದು ಮತ್ತು ಅದಕ್ಕೆ ಬೇಕಾದ ಪರಿಸರವನ್ನು ಒದಗಿಸುವುದು ಮಾತ್ರ ಸಾಧ್ಯವಿತ್ತು. ಅಂದಿನ ಮುಖ್ಯ ತೊಡಕುಗಳು ಇಂದಿಗೂ ಉಳಿದಿವೆ. ತಾನು ತಯಾರಿಸಿದ ಬ್ಯುಟನಾಲನ್ನು ಸಹಿಸಿಕೊಳ್ಳುವ ಜೀವಿ ಬೇಕು. ಆಹಾರಕ್ಕೆ ಧಕ್ಕೆ ತಾರದ ಕಚ್ಚಾವಸ್ತು ಬೇಕು. ಉದಾಹರಣೆಗೆ, ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿಗೆ ಸೇರಿದ ಸಿಂಧನೂರು, ಪೋತ್ನಾಳ, ಮಾನ್ವಿ ಭಾಗಗಳಲ್ಲಿ ಬತ್ತ ಮುಖ್ಯ ಬೆಳೆ. ಬತ್ತದ ಹುಲ್ಲಿನಲ್ಲಿ ಸೆಲ್ಯುಲೋಸ್ ರೂಪದಲ್ಲಿ ಸಕ್ಕರೆ ಅಡಗಿದೆ. ಅದನ್ನು ಬಿಡಿಸಲು ಸೆಲ್ಯುಲೇಸ್ ಎಂಬ ಕಿಣ್ವಗಳು ಬೇಕು. ಇವುಗಳನ್ನು ಅಗ್ಗವಾಗಿಯೂ ಚುರುಕಾಗಿಯೂ ಮಾಡುವುದು ಇಂದಿನ ಕಿಣ್ವ ತಂತ್ರಜ್ಞಾನದ ದೊಡ್ಡ ಕೆಲಸಗಳಲ್ಲಿ ಒಂದು. ಆದರೆ ಅದೇ ಹುಲ್ಲು ದನಗಳ ಮೇವೂ ಹೌದು, ಮಣ್ಣಿಗೆ ಮರಳಬೇಕಾದ ಸತ್ತ್ವವೂ ಹೌದು. ಹೊಲದಿಂದ ತೆಗೆದುಕೊಂಡುದರಲ್ಲಿ ಎಷ್ಟನ್ನು ಹೊಲಕ್ಕೆ ಹಿಂದಿರುಗಿಸಬೇಕು ಎಂದು ಫೌಲರ್ ಎತ್ತಿದ ಪ್ರಶ್ನೆ ಇಲ್ಲಿಗೂ ಅನ್ವಯಿಸುತ್ತದೆ.

ಮದ್ದಿನ ಕಾರ್ಖಾನೆಗೆ ಬೇಕಾದ ಅಸಿಟೋನ್ ಮತ್ತು ರೈತನಿಗೆ ಬೇಕಾದ ಗೊಬ್ಬರ ಎರಡನ್ನೂ ಸೂಕ್ಷ್ಮಜೀವಿಗಳಿಂದ ಪಡೆಯಬಹುದೆಂದು ತೋರಿಸಿದ ತಲೆಮಾರಿಗೆ ಫೌಲರ್ ಸೇರಿದವರು. ಈ ಎರಡು ಧಾರೆಗಳನ್ನೂ ಒಂದೇ ವಿಭಾಗದಲ್ಲಿ ಬೋಧಿಸಿ, ಭಾರತದಲ್ಲಿ ಅನ್ವಯಿಕ ಜೀವರಸಾಯನಶಾಸ್ತ್ರಕ್ಕೆ ತಳಹದಿ ಹಾಕಿದ್ದು ಅವರ ಮುಖ್ಯ ಕೊಡುಗೆ.

## ಪ್ರಮುಖ ಗ್ರಂಥಗಳು

* ಕೊಳಚೆ ಕೇಂದ್ರಗಳ ವಿಶ್ಲೇಷಣಾ ವಿಧಾನಗಳನ್ನು ಕುರಿತ ಕೈಪಿಡಿ (1902)
* ಬ್ಯಾಕ್ಟೀರಿಯ ಮತ್ತು ಕಿಣ್ವಗಳ ರಸಾಯನಶಾಸ್ತ್ರಕ್ಕೆ ಪ್ರವೇಶಿಕೆ (1911)
* ಸಾರಜನಕ ಸಂರಕ್ಷಣೆಯ ಜೀವರಸಾಯನಕ್ಕೆ ಪ್ರವೇಶಿಕೆ (1934)